ಕೆನ್ನೆಯ ಮೇಲಿನ ಕೈ

ರಾಣೆಬೆನ್ನೂರಿನಲ್ಲಿ ಸತ್ತವರ ಮುಖ ಬೇಕಾದವರು ಯಲ್ಲೇಶನ ಫೋಟೋ ಸ್ಟುಡಿಯೋಕ್ಕೆ ಬರುತ್ತಾರೆ. ಹಿರಿಯರು ಬದುಕಿದ್ದಾಗ ಒಂದು ಫೋಟೋ ತೆಗೆಸದ ಮಕ್ಕಳು, ಅವರು ಮಣ್ಣಾದ ಮೇಲೆ ಎಲ್ಲಿಲ್ಲದ ಅವಸರದಿಂದ ಓಡಿ ಬಂದು, ಆಧಾರ್ ಕಾರ್ಡಿನ ಮೂಲೆಯಲ್ಲಿ ಕಳ್ಳನ ಹಾಗೆ ಕೂತ ಮುಖ ತೋರಿಸಿ, "ಇದನ್ನ ಒಂದೀಟು ನಗೂ ಹಂಗ ಮಾಡಿಕೊಡ್ರಿ" ಎನ್ನುತ್ತಾರೆ. ಯಲ್ಲೇಶ ಕಂಪ್ಯೂಟರಿನ ಮುಂದೆ ಕೂತು ನಗಿಸಿ ಕೊಡುತ್ತಾನೆ. ಜೀವಮಾನದಲ್ಲಿ ಅಂಗಿಗೆ ಎರಡು ಗುಂಡಿ ನೆಟ್ಟಗೆ ಕಾಣದವನಿಗೆ ಕೋಟು ತೊಡಿಸುತ್ತಾನೆ, ಬಿದ್ದ ಹಲ್ಲು ತರಿಸುತ್ತಾನೆ. ಫೋಟೋನೇ ಇಲ್ಲದವರು ಬಂದರೆ ಅದು ಹೆಂಡತಿ ಪುಷ್ಪಾವತಿಯ ಪಾಲಿನ ಕೆಲಸ. ಅವಳು ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಕೇಳುತ್ತಾಳೆ: ಮೂಗು ಗಿಡ್ಡ ಇತ್ತೇನ್ರಿ, ಹುಬ್ಬು ಕೂಡಿದ್ವೇನ್ರಿ, ಗದ್ದ ಚೂಪೇನ್ರಿ. ಬಂದವರು ಹೌದು ಹೌದು ಎನ್ನುತ್ತ ಹೋಗುತ್ತಾರೆ. ಕೊನೆಗೆ ಒಂದು ಮುಖ ಎದ್ದು ಕೂರುತ್ತದೆ. ಬಂದವರು ಕಣ್ಣೊರೆಸಿಕೊಂಡು, "ಥೇಟ್ ನಮ್ಮಪ್ಪನ ಬಿಡ್ರಿ" ಎಂದು ಹೊತ್ತುಕೊಂಡು ಹೋಗುತ್ತಾರೆ. ಅದು ಅವರಪ್ಪನೋ, ಪಕ್ಕದ ಮನೆಯ ಕಾಕಾನೋ, ದೇವರೇ ಬಲ್ಲ.

ಊರವರಿಗೆಲ್ಲ ಮುಖ ಹುಡುಕಿ ಕೊಡುವ ಈ ಪುಷ್ಪಾವತಿಯ ಮನೆಯ ಗೋಡೆಯ ಮೇಲೆ ಮಾತ್ರ ಅಪ್ಪ ಹಾಲೇಶಪ್ಪ ಒಬ್ಬನೇ ಇದ್ದಾನೆ. ಪಕ್ಕದ ಜಾಗ ಖಾಲಿ. ಅವಳ ಅವ್ವ ಹೊಳಿಯವ್ವ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವಳು, ಅಪ್ಪ ಅಲ್ಲಿಯೇ ಹಮಾಲ. ಮಗಳಿಗೆ ನಾಲ್ಕು ತುಂಬುವ ಮೊದಲೇ ಅವ್ವ ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ತವರಿನ ಕಡೆ ಯಾರೂ ಉಳಿದಿಲ್ಲ, ಒಂದು ಫೋಟೋ ಇಲ್ಲ. ಈಗ ಪುಷ್ಪಾವತಿಗೆ ನಲವತ್ತೆಂಟು. ಹೆತ್ತವಳು ಬದುಕಿದ್ದರ ಎರಡರಷ್ಟು ಬದುಕಿದ್ದಾಳೆ. ಇಷ್ಟು ವಯಸ್ಸಾದ ಮೇಲೂ ಅವ್ವ ಬೇಕು ಅನ್ನಿಸುವುದು ನಾಚಿಕೆಯ ಮಾತು ಎಂದು ಯಾರ ಮುಂದೆಯೂ ಹೇಳುವುದಿಲ್ಲ. ಆದರೆ ಬೇಕು ಅನ್ನಿಸುತ್ತದೆ. ಉಳಿದವರ ಅವ್ವಂದಿರು ಸತ್ತರೆ ಕನಸಿಗಾದರೂ ಬರುತ್ತಾರೆ. ತನ್ನ ಅವ್ವ ಕನಸಿಗೆ ಬಂದರೂ ಗುರುತು ಸಿಗುವುದಿಲ್ಲವಲ್ಲ ಎಂಬುದೇ ಅವಳ ದೊಡ್ಡ ಸಂಕಟ.

ಯಲ್ಲೇಶ ಒಳ್ಳೆಯ ಮನುಷ್ಯ. ಒಮ್ಮೆ ಹೆಂಡತಿಯದೇ ಮುಖ ತೆಗೆದುಕೊಂಡು, ವಯಸ್ಸು ಇಳಿಸಿ, ಹಳೇ ಕಾಲದ ಇಳಕಲ್ ಸೀರೆ ಉಡಿಸಿ ತೋರಿಸಿದ. "ಇದು ನಾನ ಜಾತ್ರಿಗೆ ಹೊಂಟಂಗೈತಿ" ಎಂದು ಅವಳು ಎದ್ದು ಹೋದಳು. ಹಲಗೇರಿಯಲ್ಲಿರುವ ಸೋದರತ್ತೆ ಹೊನ್ನವ್ವನನ್ನು ಕೇಳಿದರೆ, "ಚಂದ ಇದ್ಳವಾ, ಲಕ್ಷಣ ಇದ್ಳು" ಎನ್ನುತ್ತಾಳೆ. ಚಂದ, ಲಕ್ಷಣ ಎರಡನ್ನೇ ಕಟ್ಟಿಕೊಂಡು ಯಾವ ಮುಖ ಬರೆಯಲಾದೀತು?

ಹೋದ ವರ್ಷ ಶ್ರಾವಣದಲ್ಲಿ ಯಲ್ಲೇಶ ಹಾವೇರಿಯ ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಫೋಟೋ ತೆಗೆಯಲು ಹೋಗಿದ್ದ. ಅಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಶಂಭುಲಿಂಗ ಅನ್ನುವವರು ನೂರು ಹುಡುಗರನ್ನು ಕಣ್ಣು ಮುಚ್ಚಿ ಕೂರಿಸಿ, ಎಳೇ ಹುಣಸೆಕಾಯಿಯನ್ನು ಉಪ್ಪು ಖಾರಕ್ಕೆ ಅದ್ದಿ ಕಚ್ಚಿದಂತೆ ಬರೀ ಮಾತಿನಲ್ಲಿ ಹೇಳಿದರು. ನೂರೂ ಜನ ಎಂಜಲು ನುಂಗಿದರು. ಕ್ಯಾಮರಾ ಹಿಂದಿದ್ದ ಯಲ್ಲೇಶನೂ ನುಂಗಿದ. ಮನಸ್ಸಿಗೆ ಒಂದು ಸೂಚನೆ ಕೊಟ್ಟರೆ ಅದು ಇಲ್ಲದ್ದನ್ನೂ ತರುತ್ತದೆ, ಮರೆತದ್ದನ್ನೂ ತರುತ್ತದೆ ಎಂದು ಮೇಷ್ಟ್ರು ಹೇಳಿದರು. ಯಲ್ಲೇಶ ಮನೆಗೆ ಬಂದು ಹೆಂಡತಿಗೆ ಹೇಳುವಾಗ ಎರಡನೆಯ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದ. ಗಂಡಸರ ನೆನಪು ಹಾಗೇ.

ಮುಂದಿನ ಭಾನುವಾರ ಪುಷ್ಪಾವತಿ ಹಾವೇರಿಯಲ್ಲಿ, ಶಂಭುಲಿಂಗ ಮೇಷ್ಟ್ರು ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಹಿಡಿದಿದ್ದ ಮಹಡಿಯ ಕೋಣೆಯಲ್ಲಿ, ಒರಗುವ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಮೇಷ್ಟ್ರ ಮೊಬೈಲು ಮೇಜಿನ ಮೇಲೆ ಎಲ್ಲವನ್ನೂ ದಾಖಲು ಮಾಡಿಕೊಳ್ಳುತ್ತಿತ್ತು. ಅವರ ದನಿ ಎಮ್ಮೆಯ ಗಟ್ಟಿ ಮೊಸರಿನಂಥದು. ನಿಧಾನ, ಎಲ್ಲಿಯೂ ನೀರಿಲ್ಲ.

"ಅಕ್ಕಾರ, ಕಾಲು ಭಾರ ಆಗಾಕತ್ತಾವು. ಕೈ ಭಾರ ಆಗಾಕತ್ತಾವು. ನೀವು ಸಣ್ಣವರಾಗಾಕತ್ತೀರಿ. ಮೂರು ವರ್ಷದ ಕೂಸು. ಬ್ಯಾಡಗಿ ಪೇಟಿ. ಎಲ್ಲಾ ಕಡೆ ಕೆಂಪ. ಕಾಣತೈತೇನ್ರಿ?"

"ಕಾಣತೈತ್ರಿ."

"ಅವ್ವನ ಕೈ ನಿಮ್ಮ ಕೆನ್ನಿ ಮ್ಯಾಲ ಐತಿ. ಹಿತ ಆಗಾಕತ್ತೈತಿ. ಈಗ ಸಾವಕಾಶ ಮ್ಯಾಲ ನೋಡ್ರಿ."

ಅವಳು ನೋಡಿದಳು. ಮುಖ ಅಲ್ಲಿತ್ತು. ಕದ ತೆರೆದು ಒಳಗೆ ಬಂದವರ ಮುಖ ಕಂಡಷ್ಟು ಸ್ಪಷ್ಟವಾಗಿತ್ತು: ಅಗಲವಾದ ಹಣೆ, ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಕಿವಿಯ ಅಂಚಿನುದ್ದಕ್ಕೂ ಸಣ್ಣ ಬೆಳ್ಳಿಯ ಬಾಲಿಗಳು. ಆ ಮುಖ ಅವಳನ್ನು ನೋಡಿ ನಕ್ಕಿತು. ಅವಳು ಕುರ್ಚಿಯಲ್ಲಿ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ನಲವತ್ತನಾಲ್ಕು ವರ್ಷದ ಅಳು. ಮೇಷ್ಟ್ರು ನೀರು ತಂದುಕೊಟ್ಟು ಹೊರಗೆ ಹೋಗಿ ನಿಂತರು.

ಅಂದೇ ಸಂಜೆ ಗಂಡ ಹೆಂಡತಿ ಕಂಪ್ಯೂಟರಿನ ಮುಂದೆ ಕೂತರು. ಈ ಬಾರಿ ಪುಷ್ಪಾವತಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಣೆ ಇನ್ನೂ ಅಗಲ, ಕಣ್ಣು ಒಂದೀಟು ಸಣ್ಣ, ಹಾಂ, ಹಲ್ಲಿನ ಸಂದು ಹಾಗೇ ಇರಲಿ ಎನ್ನುತ್ತ ಮೂರು ದಿನ ಅವನ ತಲೆ ತಿಂದು ಮುಖ ಮುಗಿಸಿದಳು. ಕೊನೆಗೆ ಯಲ್ಲೇಶ, "ಕುಂಕುಮ ಇತ್ತೇನು?" ಎಂದು ಕೇಳಿದ.

ಅವಳು ಯೋಚಿಸಿದಳು. ಕಂಡ ಮುಖದಲ್ಲಿ ಕುಂಕುಮ ಇರಲಿಲ್ಲ. ಆದರೆ ಮುತ್ತೈದೆಯಾಗಿ ಸತ್ತವಳ ಹಣೆ ಬರಿದಾಗಿರುವುದುಂಟೆ? "ಇರಬೇಕಲ್ಲ. ಇಡ್ರಿ," ಎಂದಳು. ಯಲ್ಲೇಶ ಕಾಸಿನಗಲ ಕುಂಕುಮ ಇಟ್ಟ.

ಫೋಟೋಕ್ಕೆ ಚೌಕಟ್ಟು ಬಂತು, ಗಂಧದ ಮಾಲೆ ಬಂತು, ಹಾಲೇಶಪ್ಪನ ಪಕ್ಕದ ಜಾಗ ತುಂಬಿತು. ಪುಷ್ಪಾವತಿ ಒಂದೂವರೆ ತಿಂಗಳು ಹೊಸ ಮದುವಣಗಿತ್ತಿಯ ಹಾಗೆ ಓಡಾಡಿದಳು. ಬೆಳಗಾಗೆದ್ದು ಮೊದಲು ನೋಡುವುದು ಆ ಮುಖ. ಚಹಾ ಕುಡಿಯುವುದು ಅದರ ಮುಂದೆ. ಒಲೆಯ ಮೇಲೆ ಹಾಲು ಉಕ್ಕಿದರೆ, "ಅವ್ವಾ, ನೋಡು ನಿನ್ನ ಮಗಳ ಸಂಸಾರ" ಎಂದು ಗೋಡೆಗೆ ದೂರು ಹೇಳುವುದು. ಯಲ್ಲೇಶ ಅದನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಇರುತ್ತಿದ್ದ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ಈ ವರ್ಷ ಅವ್ವನಿಗೂ ಎಲೆ ಹಾಕುವುದಿದೆ ಎಂದು ಪುಷ್ಪಾವತಿ ಹಲಗೇರಿಯಿಂದ ಹೊನ್ನವ್ವನನ್ನು ಕರೆಸಿದಳು. ಮುದುಕಿ ಕಾಲು ತೊಳೆದು ಒಳಗೆ ಬಂದು, ಹೋಳಿಗೆಯ ಎಲೆಗಳನ್ನು ನೋಡಿ, ಅಣ್ಣನ ಫೋಟೋಕ್ಕೆ ಕೈ ಮುಗಿದು, ಪಕ್ಕದ ಫೋಟೋದ ಮುಂದೆ ಕೈ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಪುಷ್ಪೀ, ಇದೇನ ಮಾಡೀದಿ? ಜೀವಂತ ಇದ್ದಾಕಿ ಫೋಟೋಕ್ಕ ಮಾಲಿ ಹಾಕೀಯಲ್ಲ?"

"ಯಾರ ಜೀವಂತ ಇದ್ದಾಕಿ, ಅತ್ತಿ? ನಮ್ಮವ್ವ."

"ನಿಮ್ಮವ್ವ ಎಲ್ಲಿಂದ ಬಂದ್ಳು? ಇಕಿ ತಾಜಬಿ. ಬ್ಯಾಡಗಿ ಸ್ಟೇಷನ್ ಹಿಂದ ಅದಾಳ. ಹೋದ ವರ್ಷ ಸಂತ್ಯಾಗ ಸಿಕ್ಕಿದ್ಲು, ಮೂರು ಸಲ ನಿನ್ನ ಕೇಳಿದ್ಲು. ಸಾಬರ ಹೆಣ್ಮಗಳ ಹಣಿಗೆ ಇಷ್ಟು ದೊಡ್ಡ ಕುಂಕುಮ ಬ್ಯಾರೆ ಬಡದೀರಿ."

ಯಲ್ಲೇಶ ಸ್ಟೂಲು ತಂದು ಮಾಲೆ ಕಿತ್ತ. ಜೀವಂತ ಇರುವವರಿಗೆ ಎಡೆ ಇಟ್ಟ ಪಾಪ ಯಾರ ತಲೆಗೆ ಎಂದು ಅವನ ಲೆಕ್ಕ. ಪುಷ್ಪಾವತಿ ನೆಲದ ಮೇಲೆ ಕೂತಳು. ಅವಳಿಗೆ ಪಾಪದ ಯೋಚನೆ ಬರಲಿಲ್ಲ. ಅವ್ವ ಎರಡನೆಯ ಸಲ ಸತ್ತಿದ್ದಳು, ಈ ಸಲ ಮಗಳಿಗೆ ತಿಳಿವಳಿಕೆ ಇತ್ತು, ಅಷ್ಟೇ ವ್ಯತ್ಯಾಸ.

ಹೊನ್ನವ್ವ ಪಕ್ಕಕ್ಕೆ ಕೂತು ಬೆನ್ನು ಸವರಿದಳು. ಹೊಳಿಯವ್ವ ತೀರಿಕೊಂಡ ಮೇಲೆ ಆರು ತಿಂಗಳು ಮಗುವನ್ನು ಇಟ್ಟುಕೊಂಡಿದ್ದವಳು, ಪೇಟೆಯಲ್ಲಿ ದಿನಾಲೂ ಅವಳ ಜೊತೆಗಿದ್ದ ತಾಜಬಿ. ಆಮೇಲೆ ಹಾಲೇಶಪ್ಪ ರಾಣೆಬೆನ್ನೂರಿಗೆ ಬಂದು ಮತ್ತೊಂದು ಮದುವೆಯಾದ, ಮಗಳನ್ನು ಕರೆದುಕೊಂಡು ಬಂದ. ಮಗು ತಾಜಬಿ ಬೇಕು ಎಂದು ಹಟ ಹಿಡಿದು ಉಣ್ಣಲಿಲ್ಲ. "ಅಕಿ ಹೆಸರ ಯಾರೂ ಎತ್ತಬ್ಯಾಡ್ರಿ, ತಾನ ಮರೀತಾಳ ಅಂದ ನಮ್ಮಣ್ಣ. ಎತ್ತಲಿಲ್ಲ. ಮರತಿ," ಎಂದಳು ಹೊನ್ನವ್ವ.

ಎರಡು ದಿನ ಬಿಟ್ಟು ಪುಷ್ಪಾವತಿ ಹಾವೇರಿಗೆ ಹೋಗಿ ಮೇಷ್ಟ್ರ ಎದುರು ಕೂತಳು. ಸಿಟ್ಟಿನಿಂದಲೇ ಹೋಗಿದ್ದಳು. ಶಂಭುಲಿಂಗ ಎಲ್ಲ ಕೇಳಿ, ಮೊಬೈಲು ತೆಗೆದು ಅಂದಿನ ಮಾತುಗಳನ್ನು ಹಾಕಿದರು. ಇಬ್ಬರೂ ಕೇಳಿಸಿಕೊಂಡರು. ಅವ್ವನ ಕೈ ನಿಮ್ಮ ಕೆನ್ನಿ ಮ್ಯಾಲ ಐತಿ ಎಂಬಲ್ಲಿ ಅವರು ನಿಲ್ಲಿಸಿದರು. ಮುಖ ಸಪ್ಪಗಾಗಿತ್ತು.

"ತಪ್ಪು ಇಲ್ಲೇ ಆಗೇತ್ರಿ ಅಕ್ಕಾರ. ಕೈ ಐತಿ ಅಂತ ನೀವು ಹೇಳಿದ್ದಿಲ್ಲ. ನಾ ಹೇಳಿದೆ. ಯಾವ ಕೂಸಿನ ಕೆನ್ನಿ ಮ್ಯಾಲಾದರೂ ಮೊದಲು ಬರೂದು ಅವ್ವನ ಕೈ ಅಲ್ಲೇನು ಅಂತ ನನ್ನ ತಿಳಿವಳಿಕಿ. ನಿಮ್ಮ ಮನಸ್ಸು ಆ ಕೈ ಹುಡಿಕ್ಕೊಂಡು ಹೋತು. ಯಾರ ಕೈ ಸಿಕ್ತೋ ಅವರ ಮುಖ ತೋರಿಸ್ತು. ಮನಸ್ಸು ಸುಳ್ಳು ಹೇಳಲಿಲ್ಲ. ಕೇಳಿದ್ದ ತಪ್ಪಿತ್ತು."

ಇನ್ನೊಮ್ಮೆ ಕೂರಿರಿ, ಈ ಸಲ ಏನೂ ಹೇಳದೆ ಬರೀ ಕೇಳುತ್ತೇನೆ ಎಂದರು. ಅವಳು ಒಲ್ಲೆ ಎಂದಳು. ಮತ್ತೆ ಒಂದು ಮುಖ ಬಂದರೆ ಅದನ್ನು ನಂಬುವ ಧೈರ್ಯ ಅವಳಿಗಿರಲಿಲ್ಲ. ಅವ್ವನ ಮುಖವನ್ನು ದಿನಾಲೂ ಹತ್ತಿರದಿಂದ ಕಂಡವರು ಈ ಭೂಮಿಯ ಮೇಲೆ ಇನ್ನು ಒಬ್ಬರೇ ಉಳಿದಿದ್ದರು.

ಮರುದಿನ ಅವಳು ಚೌಕಟ್ಟನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬ್ಯಾಡಗಿಗೆ ಇಳಿದಳು. ಹಂಗಾಮು ಇನ್ನೂ ಶುರುವಾಗಿರಲಿಲ್ಲ. ಆದರೂ ಕೋಲ್ಡ್ ಸ್ಟೋರೇಜಿನಿಂದ ಹೊರಬಿದ್ದ ಚೀಲಗಳ ಘಾಟಿಗೆ ಸ್ಟೇಷನ್ನಿನಲ್ಲೇ ಎರಡು ಸೀನು ಬಂದವು. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ ಎಂದು ಹೇಳುವವರು ಸಾರು ಉಂಡವರು, ಕಾಯಿ ಮುರಿದವರಲ್ಲ. ಹಳಿ ದಾಟಿ ಕೇಳುತ್ತ ಹೋದಾಗ ಒಂದು ತಗಡಿನ ಮನೆಯ ಬಾಗಿಲು ತೋರಿಸಿದರು. ಮೊಮ್ಮಗಳು ಸುಮಯ್ಯಾ ಬಾಗಿಲು ತೆರೆದಳು. ಒಳಗೆ ಮಂಚದ ಮೇಲೆ ಎಪ್ಪತ್ತರ ಹತ್ತಿರದ ತಾಜಬಿ ಕೂತಿದ್ದಳು. ಮುಂದಿನ ಹಲ್ಲುಗಳು ಉದುರಿ ಸಂದು ಬಾಗಿಲಿನಷ್ಟಾಗಿತ್ತು, ಕಿವಿಯಲ್ಲಿ ಬಾಲಿ ಇರಲಿಲ್ಲ, ಬಾಲಿಯ ತೂತುಗಳಿದ್ದವು.

ಏನು ಹೇಳಬೇಕೋ ತಿಳಿಯದೆ ಪುಷ್ಪಾವತಿ ಪೇಪರು ಬಿಚ್ಚಿ ಫೋಟೋ ಕೊಟ್ಟಳು. ಮುದುಕಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಯಾರವಾ ಇಕಿ? ಚಂದ ಅದಾಳಲ್ಲ" ಎಂದಳು.

ಸುಮಯ್ಯಾ ಬಗ್ಗಿ ನೋಡಿ, "ದಾದೀ, ಇದು ನೀ ಅದಿ" ಎಂದಳು.

ತಾಜಬಿ ಬಹಳ ಹೊತ್ತು ನೋಡಿದಳು. ಅವಳ ಮದುವೆಗೂ ಯಾರೂ ಫೋಟೋ ತೆಗೆದಿರಲಿಲ್ಲ. ತನ್ನ ಹರೆಯದ ಮುಖವನ್ನು ಅವಳು ಕಂಡದ್ದು ಅಂಗೈಯಗಲದ ಕನ್ನಡಿಯಲ್ಲಿ ಮಾತ್ರ. "ಇದನ್ನ ಯಾರು ನೆನಪ ಇಟ್ಟಿದ್ರು?" ಎಂದು ಕೇಳಿದಳು.

"ನಾ ಇಟ್ಟಿದ್ದೆ. ನಾ ಹೊಳಿಯವ್ವನ ಮಗಳು."

ಮುದುಕಿಯ ಕೈಯಿಂದ ಫೋಟೋ ಜಾರಿ ಮಡಿಲಿಗೆ ಬಿತ್ತು. ಅವಳು ಪುಷ್ಪಾವತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಆಮೇಲೆ ಸಂತೆಯಲ್ಲಿ ಕಳೆದು ಸಿಕ್ಕ ಮಗುವನ್ನು ಬೈಯುವಂತೆ ಬೈದಳು: "ಇಷ್ಟು ಹತ್ರ ಇದ್ದೂ ಇಷ್ಟು ದಿನ ಬೇಕಾತೇನ ನಿನಗ? ನಿಮ್ಮಪ್ಪ ಬರಬ್ಯಾಡ ಅಂದಿದ್ದ. ಒಂದು ಸಲ ಬಂದಿದ್ದೆ. ನೀ ಸಾಲಿ ಬಿಟ್ಟು ಹೊಂಟಿದ್ದಿ, ಎರಡು ಜಡಿ ಹಾಕಿದ್ರು. ದೂರ ನಿಂತು ನೋಡಿ ಬಂದೆ. ಮಾತಾಡ್ಸಿದ್ರ ಮತ್ತ ಉಣ್ಣೂದು ಬಿಡತಾಳ ಅಂತ ಹಂಗ ಬಂದೆ."

ತಾನು ಒಬ್ಬಳಿಗಾಗಿ ಹಂಬಲಿಸುತ್ತಿದ್ದ ಅಷ್ಟೂ ವರ್ಷ, ಎರಡು ಸ್ಟೇಷನ್ ಆಚೆ ಇನ್ನೊಬ್ಬಳು ತನಗಾಗಿ ಹಂಬಲಿಸುತ್ತಿದ್ದಳು ಎಂಬುದು ಪುಷ್ಪಾವತಿಯ ತಲೆಗೆ ಮೆಲ್ಲಗೆ ಇಳಿಯುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದಳು, ಮಾಲೆ ಹಾಕಿದ್ದನ್ನೂ, ಎಡೆ ಇಟ್ಟದ್ದನ್ನೂ ಮುಚ್ಚಿಡಲಿಲ್ಲ. ತಾಜಬಿ ನಕ್ಕಳು. "ಸತ್ತಾರ ಅಂತ ಸುದ್ದಿ ಆದ್ರ ಆಯುಷ್ಯ ಹೆಚ್ಚಾಕ್ಕೈತಂತ. ಹೋಳಗಿ ಮಾಡಿದ್ದೇನು? ಒಂದು ತರಬೇಕಿಲ್ಲ ಮತ್ತ?"

"ಆದ್ರ ಅವ್ವನ ಕೈ ಅಂದ್ರ ನಿಮ್ಮ ಮುಖ ಯಾಕ ಬಂತು?"

"ಬರಬೇಕಲ್ಲ. ನಿಮ್ಮವ್ವನ ಕೈ ನಿನ್ನ ಕೆನ್ನಿಗೆ ಎಲ್ಲಿ ಹತ್ತಿದ್ದವು?" ಎಂದು ತಾಜಬಿ ಹೇಳತೊಡಗಿದಳು. ದಿನವಿಡೀ ತೊಟ್ಟು ಬಿಡಿಸುವ ಹೆಂಗಸರ ಕೈ ಬೆಂಕಿಯಾಗುತ್ತಿತ್ತು. ಹತ್ತು ಸಲ ತೊಳೆದರೂ ಉರಿ ಹೋಗುತ್ತಿರಲಿಲ್ಲ. ಆ ಕೈಯಿಂದ ಕೂಸನ್ನು ಮುಟ್ಟಿದರೆ ಕೂಸು ಕಣ್ಣುಜ್ಜಿಕೊಂಡು ಹೊಯ್ಕೊಳ್ಳುತ್ತಿತ್ತು. ಅದಕ್ಕೆ ಹನ್ನೆರಡು ಜನರ ಗುಂಪಿನಲ್ಲಿ ಒಬ್ಬಳು ಮೆಣಸಿನಕಾಯಿ ಮುಟ್ಟುತ್ತಲೇ ಇರಲಿಲ್ಲ. ಕೈ ಉರಿಯದ ಅವಳಿಗೆ ತಣ್ಣಗೈಯಾಕಿ ಎನ್ನುತ್ತಿದ್ದರು. ಎಲ್ಲರ ಕೂಸುಗಳ ಮುಖ ತೊಳೆಯುವುದು, ಉಣಿಸುವುದು, ಮೂಗು ಒರೆಸುವುದು ಅವಳ ಕೆಲಸ. ಉಳಿದವರು ತಮ್ಮ ಕೂಲಿಯಲ್ಲಿ ಅವಳಿಗೆ ಪಾಲು ಕೊಡುತ್ತಿದ್ದರು. "ನನ್ನ ಕೈಗೆ ಇಸಬು ಆಗಿತ್ತು, ಕಾಯಿ ಹತ್ತಿದ್ರ ರಕ್ತ ಬರ್ತಿತ್ತು. ಹಂಗಾಗಿ ಯಾವಾಗಲೂ ನಾನ ತಣ್ಣಗೈಯಾಕಿ. ರಾತ್ರಿ ನಿಮ್ಮವ್ವ ಎಣ್ಣಿ ಹಚ್ಚಿ, ಮಜ್ಜಿಗ್ಯಾಗ ಕೈ ತೊಳಕೊಂಡು ಬರೂದ್ರಾಗ ನೀ ಮಲಗಿರ್ತಿದ್ದಿ."

ಪುಷ್ಪಾವತಿ ಮಂಚದ ಹತ್ತಿರ ಸರಿದಳು. ಇಲ್ಲಿಯವರೆಗೆ ಬಂದದ್ದು ಯಾವುದಕ್ಕೋ ಅದನ್ನು ಕೇಳುವ ಹೊತ್ತು ಬಂದಿತ್ತು. "ಅವ್ವನ ಮುಖ ಹೆಂಗಿತ್ತು ಹೇಳ್ರಿ. ಮೂಗು ನನ್ನಂಗ ಗಿಡ್ಡ..." ಎಂದವಳು ಅಲ್ಲಿಗೇ ಬಾಯಿ ಮುಚ್ಚಿದಳು.

ಇಪ್ಪತ್ತು ವರ್ಷ ಅವಳು ಜನರಿಗೆ ಮುಖ ಮಾಡಿಕೊಟ್ಟದ್ದು ಹೀಗೆಯೇ. ಮೂಗು ಗಿಡ್ಡ ಇತ್ತೇನ್ರಿ ಎಂದರೆ ಹೌದು ಎನ್ನುತ್ತಾರೆ, ಉದ್ದ ಇತ್ತೇನ್ರಿ ಎಂದರೂ ಹೌದೇ. ಈ ಮುದುಕಿ ತನ್ನನ್ನು ಇಷ್ಟು ಪ್ರೀತಿಸುವವಳು, ಏನು ಕೇಳಿದರೂ ಹೌದು ಎಂದೇಬಿಡುತ್ತಾಳೆ. ಆಮೇಲೆ ಗೋಡೆಯ ಮೇಲೆ ಮತ್ತೊಂದು ಸುಳ್ಳು ಮುಖ. ಬಾಯಿಯ ತುದಿಗೆ ಬಂದ ಹುಬ್ಬು, ಗದ್ದ, ಕಣ್ಣುಗಳನ್ನೆಲ್ಲ ಅವಳು ನುಂಗಿಕೊಂಡಳು. ಜೀವ ಹೋಗುವಷ್ಟು ಕಷ್ಟವಾಯಿತು. ಆದರೂ ಸುಮ್ಮನೆ ಕೂತಳು.

ತಾಜಬಿ ಕಣ್ಣು ಮುಚ್ಚಿ ಹುಡುಕಿದಳು. ಒಂದು ಗೂಡ್ಸ್ ಗಾಡಿ ಹೋಗಿ ಮುಗಿಯುವವರೆಗೂ ಹುಡುಕಿದಳು.

"ಸುಳ್ಳು ಹೇಳೂದಿಲ್ಲ, ಬೇಟಿ. ನನಗೂ ಮುಖ ತಪ್ಪೇತಿ. ಎಷ್ಟು ಹಿಡಕೊಂಡರೂ ಉಳೀಲಿಲ್ಲ." ಕಣ್ಣು ಒರೆಸಿಕೊಂಡಳು. "ಆದ್ರ ಅಕಿ ನಿನ್ನ ಕಡೆ ಹೆಂಗ ಬರ್ತಿದ್ಲು ಅನ್ನೂದು ಕಣ್ಣಾಗ ಕಟ್ಟಿದಂಗೈತಿ. ಸುಮಯ್ಯಾ, ನನ್ನ ಎಬ್ಬಸು."

ಮೊಮ್ಮಗಳು ಎಬ್ಬಿಸಿದಳು. ತಾಜಬಿ ಮಂಡಿ ನೋವಿಗೆ ಹಲ್ಲು ಕಚ್ಚಿ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಒಂದರೊಳಗೊಂದು ಹೆಣೆದು ಬಿಗಿಯಾಗಿ ಕಟ್ಟಿಕೊಂಡಳು.

"ಕೈ ಹಿಂಗ. ಎಲ್ಲಿ ಮರತು ಮುಟ್ಟೇನೋ ಅಂತ ಹೆದರಿಕಿ ಅಕಿಗೆ. ತೊಟ್ಟು ಬಿಡಿಸೂ ಸಾಲಿನಿಂದ ಎದ್ದು ಓಡಿ ಬರೂದು, ನಿನ್ನ ಮುಂದ ನಿಂದ್ರೂದು, ಬಗ್ಗೂದು. ದಿನಾ ಹತ್ತು ಸಲ. ಬಂದು ಹಿಂಗ ಮಾಡೂದು."

ಮುದುಕಿ ಬಾಗಿ, ತನ್ನ ಕೆನ್ನೆಯನ್ನು ಪುಷ್ಪಾವತಿಯ ಕೆನ್ನೆಗೆ ಒತ್ತಿ ಹಿಡಿದಳು. ಕಿವಿಯ ಪಕ್ಕದಲ್ಲೇ ಅವಳ ದನಿ ಕೇಳಿಸಿತು.

"ಇಷ್ಟು ಹತ್ರ ಬಂದವರ ಮುಖ ಯಾರಿಗೆ ಕಂಡೀತು ಹೇಳು. ಅದಕ್ಕ ನಿನಗ ನೆನಪಿಲ್ಲ."

ಪುಷ್ಪಾವತಿ ಕಣ್ಣು ಮುಚ್ಚಿದ್ದಳು. ಯಾವ ಮುಖವೂ ಬರಲಿಲ್ಲ, ಅವಳು ಕರೆಯಲೂ ಇಲ್ಲ. ತಾಜಬಿ ನಡು ನೋವು ತಾಳದೆ ಮೇಲೆದ್ದಾಗ, ಅವಳು ಕಣ್ಣು ತೆರೆಯದೆಯೇ, "ಇನ್ನೊಮ್ಮೆ ಮಾಡ್ರಿ" ಎಂದಳು. ಮುದುಕಿ ಮತ್ತೆ ಕೈ ಹಿಂದೆ ಕಟ್ಟಿಕೊಂಡು ಬಾಗಿದಳು.